ತೂಕದ ಯಂತ್ರದಿಂದ ಶುರುವಾಗಬೇಕಾದ ಚಿಕಿತ್ಸೆ

ಹತ್ತೊಂಬತ್ತು ವರ್ಷದ ಪದವಿ ವಿದ್ಯಾರ್ಥಿನಿಯೊಬ್ಬಳನ್ನು ಆಕೆಯ ತಾಯಿ ನನ್ನ ಹೊರರೋಗಿ ಕೊಠಡಿಗೆ ಕರೆತಂದಾಗ, ಅವರ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಎಂಡೋಸ್ಕೋಪಿ ವರದಿ, ಥೈರಾಯ್ಡ್ ಪರೀಕ್ಷೆಯ ಫಲಿತಾಂಶ, ಮುಟ್ಟು ನಿಂತಿದ್ದಕ್ಕೆ ಮಾಡಿಸಿದ ಸ್ಕ್ಯಾನ್ ಹಾಗೂ ಗ್ಯಾಸ್ ಮಾತ್ರೆಯ ಚೀಟಿಗಳಿದ್ದವು. ಗುರುತು ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎಂಟು ತಿಂಗಳ ಆ ಕಾಗದಗಳಲ್ಲಿ ಎಲ್ಲಿಯೂ ತೂಕ ಮತ್ತು ಎತ್ತರವನ್ನು ಒಟ್ಟಿಗೆ ಬರೆದಿರಲಿಲ್ಲ. ಎತ್ತರ 158 ಸೆಂ.ಮೀ., ತೂಕ 34 ಕೆ.ಜಿ., ನಾಡಿಬಡಿತ ನಿಮಿಷಕ್ಕೆ 44. ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 13.6, ವಯಸ್ಕರಲ್ಲಿ ಇದು 14ಕ್ಕಿಂತ ಕೆಳಗಿಳಿದರೆ ಅಪಾಯಕಾರಿ ಮಟ್ಟವೆಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವಾದ ಐಸಿಡಿ-11 ಪರಿಗಣಿಸುತ್ತದೆ.

ಆಕೆಗಿದ್ದದ್ದು ಅನೊರೆಕ್ಸಿಯಾ, ಊಟ ಬಿಟ್ಟು ತೂಕ ಅಪಾಯದ ಮಟ್ಟಕ್ಕೆ ಇಳಿಯುವ ಮಾನಸಿಕ ಕಾಯಿಲೆ. ಅನೊರೆಕ್ಸಿಯಾ ಎಂದರೆ ದಪ್ಪಗಾಗುವ ಭಯ ಎಂದೇ ನಮಗೆ ಕಲಿಸಲಾಗಿತ್ತು. ನಮ್ಮಲ್ಲಿ ಬರುವ ಹಲವರು ಆ ಮಾತನ್ನು ಆಡುವುದೇ ಇಲ್ಲ. "ಊಟ ಸೇರಲ್ಲ, ಎರಡು ತುತ್ತಿಗೇ ಹೊಟ್ಟೆ ಉಬ್ಬರಿಸುತ್ತೆ" ಎನ್ನುತ್ತಾರೆ. ಹೊಟ್ಟೆಯ ದೂರಿಗೆ ಹೊಟ್ಟೆಯ ವೈದ್ಯರು, ಮುಟ್ಟಿನ ದೂರಿಗೆ ಸ್ತ್ರೀರೋಗ ತಜ್ಞರು ಎಂದು ಕುಟುಂಬ ಅಲೆಯುತ್ತದೆ, ನಡುವೆ ದೃಷ್ಟಿಯನ್ನೂ ತೆಗೆಸುತ್ತದೆ. ತಿಂದು ವಾಂತಿ ಮಾಡುವ ಬುಲಿಮಿಯಾದಲ್ಲಂತೂ ತೂಕ ಸಹಜವಾಗಿಯೇ ಇರಬಹುದು. ಹೊಟ್ಟೆಯ ಆಮ್ಲದಿಂದ ಮುಂಭಾಗದ ಹಲ್ಲುಗಳ ಒಳಮೈ ಸವೆದಿರುವುದು ಎಷ್ಟೋ ಸಲ ದಂತವೈದ್ಯರಿಗೇ ಮೊದಲು ಕಾಣುತ್ತದೆ.

ಸಾರ್ವಜನಿಕರಿಗೆ ತಜ್ಞ ಚಿಕಿತ್ಸೆ ಸಿಗಬೇಕೆಂಬ ಚರ್ಚೆ ಸಾಮಾನ್ಯವಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಾಸಿಗೆ ಹೆಚ್ಚಿಸುವ ಬೇಡಿಕೆಗೆ ಬಂದು ನಿಲ್ಲುತ್ತದೆ. ಹಾಸಿಗೆ ಬೇಕು, ನಿಜ. ಆದರೆ ಈ ಹುಡುಗಿಯನ್ನು ಅಲ್ಲಿಗೆ ಕಳುಹಿಸಬೇಕೆಂದು ಎಂಟು ತಿಂಗಳು ಯಾರಿಗೂ ಹೊಳೆಯಲಿಲ್ಲವಲ್ಲ, ನನ್ನ ತಕರಾರು ಅದರ ಬಗ್ಗೆ. ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಹಕ್ಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಆದರೂ ಊಟ ಬಿಟ್ಟ ಮಗಳ ವಿಷಯವಾಗಿ ಆ ಸಂಖ್ಯೆಗೆ ಕರೆ ಮಾಡಬಹುದೆಂದು ತಾಯಿಗೆ ಹೇಳುವವರು ಬೇಕು.

ಪತ್ತೆಯಾದ ಮೇಲೆ ಎದುರಾಗುವ ಮೊದಲ ಗಂಡಾಂತರ ಮನಸ್ಸಿನದಲ್ಲ, ಊಟದ್ದೇ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ಇನ್ಸುಲಿನ್ ಏರಿ, ರಕ್ತದಲ್ಲಿನ ಫಾಸ್ಫೇಟ್ ಜೀವಕೋಶಗಳೊಳಕ್ಕೆ ಸರಿದು, ಹೃದಯದ ಲಯವೇ ತಪ್ಪಬಹುದು. ಆದ್ದರಿಂದ ಮೊದಲು ಥಯಾಮಿನ್ ಎಂಬ ಬಿ1 ವಿಟಮಿನ್, ಆಮೇಲೆ ಅಳತೆಯ ಆಹಾರ, ಆರಂಭದ ದಿನಗಳಲ್ಲಿ ಪದೇಪದೇ ರಕ್ತಪರೀಕ್ಷೆ. ನಾನು ವಾರಕ್ಕೊಮ್ಮೆ ಹೋಗುವ ತಾಲ್ಲೂಕು ಆಸ್ಪತ್ರೆಯಲ್ಲಿ ಫಾಸ್ಫೇಟ್ ಪರೀಕ್ಷೆಗೆ ರಕ್ತವನ್ನು ಹೊರಗೆ ಕಳುಹಿಸಬೇಕು, ವರದಿ ಮರುದಿನ ಸಂಜೆಗೆ ಬರುತ್ತದೆ. ವಿಚಿತ್ರವೆಂದರೆ, ನಿಧಾನವಾಗಿ ಉಣಿಸುವ ಈ ವಿದ್ಯೆ ಜಿಲ್ಲಾ ಆಸ್ಪತ್ರೆಗಳಿಗೆ ಹೊಸದೇನಲ್ಲ. ತೀವ್ರ ಅಪೌಷ್ಟಿಕತೆಯ ಐದು ವರ್ಷದೊಳಗಿನ ಮಕ್ಕಳಿಗಾಗಿ ಇರುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಎಫ್-75 ಎಂಬ ಆರಂಭಿಕ ಆಹಾರವನ್ನು ಎರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ಕೊಟ್ಟು, ಮಗು ಸ್ಥಿರವಾದ ಮೇಲಷ್ಟೇ ಹೆಚ್ಚು ಶಕ್ತಿಯ ಎಫ್-100ಕ್ಕೆ ಹೋಗುತ್ತಾರೆ. ಅಲ್ಲಿಯ ಆಹಾರ ಸಲಹೆಗಾರ್ತಿಗೂ ನಮ್ಮ ಮನೋವೈದ್ಯಕೀಯ ವಿಭಾಗಕ್ಕೂ ನಡುವೆ ಇರುವುದು ಒಂದು ಕಾರಿಡಾರ್. ವಯಸ್ಕರಿಗೆ ಅದೇ ಆಹಾರ, ಅದೇ ಅಳತೆ ಸಲ್ಲದು. ಆದರೆ ಅವಸರಪಡದಿರುವ ಅವರ ಅಭ್ಯಾಸ ನಮಗೆ ಬೇಕು. ಹೊಸ ಕೇಂದ್ರಕ್ಕೆ ಶಂಕುಸ್ಥಾಪನೆ ಆಗುವವರೆಗೆ ಕಾಯುವುದಕ್ಕಿಂತ ಆ ಆಹಾರ ಸಲಹೆಗಾರ್ತಿಯನ್ನು, ಮೆಡಿಸಿನ್ ವಿಭಾಗದ ಒಬ್ಬ ವೈದ್ಯರನ್ನು ಮತ್ತು ಮನೋಶಾಸ್ತ್ರಜ್ಞರನ್ನು ವಾರಕ್ಕೊಮ್ಮೆ ಒಂದೇ ಮೇಜಿಗೆ ಕೂರಿಸಿ, ಕಠಿಣವೆನಿಸಿದ ರೋಗಿಗಳ ಬಗ್ಗೆ ನಿಮ್ಹಾನ್ಸ್‌ನ ತಜ್ಞರೊಂದಿಗೆ ವಿಡಿಯೊ ಸಮಾಲೋಚನೆ ನಡೆಸುವುದು ಹೆಚ್ಚು ಬೇಗ ಆಗುವ ಕೆಲಸ ಎಂಬುದು ನನ್ನ ಅಂದಾಜು.

ನಮ್ಮ ಹುಡುಗಿ ಮೂರು ವಾರ ಮೆಡಿಸಿನ್ ವಾರ್ಡಿನಲ್ಲಿದ್ದಳು. ಮನೆಗೆ ಹೋದ ಮೇಲೆ ಮೂರು ಹೊತ್ತಿನ ಊಟ, ಎರಡು ಹೊತ್ತಿನ ತಿಂಡಿಯನ್ನು ತಾಯಿಯೇ ಬಡಿಸಿ, ತಟ್ಟೆ ಖಾಲಿಯಾಗುವವರೆಗೆ ಜೊತೆಗೆ ಕೂರಬೇಕೆಂದು ವಿವರಿಸಿದೆ. ಅವರು ಎಲ್ಲವನ್ನೂ ಒಪ್ಪಿ, ಬಾಗಿಲವರೆಗೆ ಹೋಗಿ ಹಿಂತಿರುಗಿದರು. "ಸೋಮವಾರದ ಒಪ್ಪತ್ತು ಬೇಡ ಅಂತ ಚೀಟಿಯಲ್ಲೇ ಬರೆದುಕೊಡಿ ಡಾಕ್ಟ್ರೇ, ನಮ್ಮತ್ತೆಗೆ ತೋರಿಸಬೇಕು." ಮಾತ್ರೆಗಳ ಹೆಸರಿನ ಕೆಳಗೆ ಅದನ್ನೂ ಬರೆದು ಸಹಿ ಹಾಕಿದೆ.