ಬಿಳಿ ಚಾಕೊಲೇಟ್: ನಾಯಿಗೆ ವಿಷಕ್ಕಿಂತ ಜಿಡ್ಡಿನದೇ ಭಯ

"ಟಾಮಿ ಬಿಳಿ ಚಾಕ್ಲೇಟ್ ತಿಂದೈತ್ರಿ ಡಾಕ್ಟ್ರ, ಏನರ ಆಗ್ತೈತೇನ್ರಿ?" ಹುಟ್ಟುಹಬ್ಬದ ಮರುದಿನ ಬಳ್ಳಾರಿಯ ಪಶುವೈದ್ಯರಿಗೆ ಬರುವ ಫೋನು ಹೀಗಿರುತ್ತದೆ. ಆಗ ಮೊದಲು ಕೇಳಬೇಕಾದ್ದು ಮೂರು: ನಾಯಿ ಎಷ್ಟು ಕೆಜಿ, ಎಷ್ಟು ತಿಂದಿದೆ, ಹೊದಿಕೆಯ ಮೇಲೆ ಏನು ಬರೆದಿದೆ.

ಚಾಕೊಲೇಟಿನಲ್ಲಿ ನಾಯಿಗೆ ವಿಷವಾಗುವುದು ಥಿಯೋಬ್ರೋಮಿನ್. ನಾಯಿಯ ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 17 ಗಂಟೆ ಬೇಕು. ಸಂಜೆ ತಿಂದದ್ದು ನಡುರಾತ್ರಿ ಏದುಸಿರು, ಚಡಪಡಿಕೆ, ವಾಂತಿಯಾಗಿ ಕಾಣುತ್ತದೆ. ನಾಯಿಯ ತೂಕದ ಪ್ರತಿ ಕೆಜಿಗೆ 20 ಮಿಲಿಗ್ರಾಂ ದಾಟಿದರೆ ಲಕ್ಷಣಗಳು ಶುರು, 40ರ ನಂತರ ಹೃದಯದ ಬಡಿತ ತಪ್ಪುತ್ತದೆ, 60ರ ಆಸುಪಾಸಿನಲ್ಲಿ ಫಿಟ್ಸ್ ಬರುತ್ತದೆ.

ಈಗ 10 ಕೆಜಿ ನಾಯಿಯ ಲೆಕ್ಕ ನೋಡಿ. ಲಕ್ಷಣ ಕಾಣಲು 200 ಮಿಲಿಗ್ರಾಂ ಸಾಕು. ಮಿಲ್ಕ್ ಚಾಕೊಲೇಟಾದರೆ ಅಷ್ಟು ಸೇರಲು ಸುಮಾರು 100 ಗ್ರಾಂ ಬೇಕು, ಕೋಕೋ ಪುಡಿಯಾದರೆ ಮೂರು ಟೀ ಚಮಚ. ಬಿಳಿಯದರಲ್ಲಿ ಗ್ರಾಮಿಗೆ 0.01 ಮಿಲಿಗ್ರಾಂ ಅಷ್ಟೇ, ಆ ಮಟ್ಟ ಮುಟ್ಟಲು 20 ಕೆಜಿ ತಿನ್ನಬೇಕು. ಕೋಕೋ ಬೀಜದ ಬೆಣ್ಣೆ ಮಾತ್ರ ಅದಕ್ಕೆ ಸೇರುತ್ತದೆ, ಥಿಯೋಬ್ರೋಮಿನ್ ಇರುವ ಕಂದು ತಿರುಳು ಸೇರುವುದಿಲ್ಲ. ಹಾಗಾಗಿ ಥಿಯೋಬ್ರೋಮಿನ್ ವಿಷದ ಮಟ್ಟಿಗೆ ನೆಮ್ಮದಿಯಿಂದಿರಬಹುದು.

ಆದರೆ ನೆಮ್ಮದಿ ಅಲ್ಲಿಗೇ ಮುಗಿಯುತ್ತದೆ. 100 ಗ್ರಾಂ ಬಿಳಿ ಚಾಕೊಲೇಟಿನಲ್ಲಿ ಸುಮಾರು 32 ಗ್ರಾಂ ಕೊಬ್ಬು, ಉಳಿದದ್ದರಲ್ಲಿ ಬಹುಪಾಲು ಸಕ್ಕರೆ. ಅಷ್ಟರಲ್ಲಿ 540 ಕ್ಯಾಲರಿ, ಎಂದರೆ ಆ 10 ಕೆಜಿ ನಾಯಿಯ ಹೆಚ್ಚುಕಡಿಮೆ ಒಂದು ದಿನದ ಊಟ. ಬೇಕರಿಗಳಲ್ಲಿ ಕೇಕಿನ ಮೇಲೆ ತುರಿಯುವ ಬಿಳಿ ಕಾಂಪೌಂಡ್ ಸ್ಲ್ಯಾಬಿನಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ವನಸ್ಪತಿ ಕೊಬ್ಬು ಇರುತ್ತದೆ, ಜಿಡ್ಡಂತೂ ಕಡಿಮೆಯಿಲ್ಲ. ಒಮ್ಮೆಗೇ ಅಷ್ಟು ಜಿಡ್ಡು ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ. ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುತ್ತದೆ. ದಪ್ಪಗಾದ ಲ್ಯಾಬ್ರಡಾರ್, ವಯಸ್ಸಾದ ನಾಯಿ, ಹಿಂದೊಮ್ಮೆ ಇದೇ ತೊಂದರೆ ಬಂದ ನಾಯಿಗಳ ಬಗ್ಗೆ ಹೆಚ್ಚು ಎಚ್ಚರ ಬೇಕು.

ಈ ಊತ ಅಂದೇ ಕಾಣುವುದಿಲ್ಲ, ಒಂದರಿಂದ ಮೂರು ದಿನ ಹಿಡಿಯಬಹುದು. ಮುಂಗಾಲು ನೆಲಕ್ಕೆ ಚಾಚಿ, ಎದೆ ಊರಿ, ಹಿಂಭಾಗ ಮೇಲೆತ್ತಿ ನಿಂತಿದ್ದರೆ ಆಟವಾಡುತ್ತಿದೆ ಎಂದುಕೊಳ್ಳಬೇಡಿ. ಬಾಲ ಅಲ್ಲಾಡದೆ, ಅನ್ನ ಮುಟ್ಟದೆ ಹಾಗೆ ನಿಂತರೆ ಅದು ಹೊಟ್ಟೆನೋವು. ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ವಾಂತಿಭೇದಿ ಸೇರಿದರೆ ಮೈಯ ನೀರು ಬೇಗ ಇಳಿಯುತ್ತದೆ. ಹೆಗಲ ಮೇಲಿನ ಚರ್ಮ ಎಳೆದು ಬಿಡಿ. ತಟ್ಟನೆ ಮರಳದಿದ್ದರೆ, ವಸಡು ಒಣಗಿ ಅಂಟುತ್ತಿದ್ದರೆ, ಬೆಳಗಾಗಲಿ ಎಂದು ಕಾಯದೆ ಹೊರಡಿ.

ಹೊದಿಕೆ ಬಿಸಾಡಬೇಡಿ. 'ಶುಗರ್‌ಫ್ರೀ' ಎಂದಿದ್ದು ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ) ಅಥವಾ ಅದರ ಗುರುತಾದ 967 ಎಂಬ ಸಂಖ್ಯೆ ಕಂಡರೆ ಮೇಲಿನ ಲೆಕ್ಕವೆಲ್ಲ ರದ್ದು. ಕೆಜಿಗೆ 0.1 ಗ್ರಾಂ ಕ್ಸೈಲಿಟಾಲ್ ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡಬಲ್ಲದು, ಇನ್ನೂ ಹೆಚ್ಚಾದರೆ ಯಕೃತ್ತು ಕೆಡುತ್ತದೆ. ಒಣದ್ರಾಕ್ಷಿ ಇದ್ದರೆ ಮೂತ್ರಪಿಂಡಕ್ಕೆ ಅಪಾಯ. ಕಪ್ಪು ಬಿಸ್ಕತ್ತಿನ ಚೂರುಗಳಿದ್ದರೆ ಕೋಕೋ ಇದೆ ಎಂದೇ ತಿಳಿಯಿರಿ. ಜರಿ ಕಾಗದ ನುಂಗಿದೆಯೇ ಎಂದೂ ನೋಡಿ, ಅದು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು.

ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಮಾಡಬೇಡಿ. ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೇ ಪೆಟ್ಟಾಗುತ್ತದೆ, ಚಾಕೊಲೇಟಿಗಿಂತ ಆ ಉಪ್ಪೇ ಕೊಲ್ಲಬಹುದು. ಹಾಲು, ತುಪ್ಪ ಕುಡಿಸಿದರೆ ಜಿಡ್ಡಿಗೆ ಇನ್ನಷ್ಟು ಜಿಡ್ಡು ಸೇರುತ್ತದೆ. ಮನೆಯವರ ನೋವಿನ ಮಾತ್ರೆಯೂ ಬೇಡ. ವಾಂತಿ ಮಾಡಿಸಲೇಬೇಕಿದ್ದರೆ ತಿಂದು ಎರಡು ಗಂಟೆಯೊಳಗೆ ವೈದ್ಯರೇ ಮಾಡಿಸಲಿ. ದಾರಿ ತೋಚದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಒಂದೆರಡು ತುಣುಕು ತಿಂದು ಲವಲವಿಕೆಯಿಂದಿದ್ದರೆ ನೀರಿಡಿ. ಅಂದು ಮಾಂಸ, ಮೊಟ್ಟೆ ಬಿಟ್ಟು ಮೆತ್ತಗೆ ಬೇಯಿಸಿದ ಅನ್ನ ಸ್ವಲ್ಪ ಸ್ವಲ್ಪವೇ ಹಾಕಿ. ಮೂರು ದಿನ ಅದರ ಊಟ, ಮಲದ ಮೇಲೆ ಕಣ್ಣಿರಲಿ. ಮಕ್ಕಳು ನಾಯಿಗೂ ಏನಾದರೂ ಕೊಡಬೇಕೆಂದು ಹಟ ಹಿಡಿದರೆ ಸೌತೆಕಾಯಿ ಚೂರು, ಚಟ್ನಿಪುಡಿ ಸೋಕದ ಜೋಳದ ರೊಟ್ಟಿಯ ತುಂಡು ಕೊಡಲಿ.