ಮೋತಿಬಿಂದು ಆಪರೇಷನ್: ಕಟ್ ಎಲ್ಲಿ ಮಾಡಬೇಕು?

ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ ಆಪರೇಷನ್‌ಗೆ ಬರುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಲೇಸರಾ? ಹೊಲಿಗೆ ಹಾಕ್ತೀರಾ? ಲೆನ್ಸ್ ಯಾವ ಕಂಪನಿಯದು? ಕಟ್ ಎಷ್ಟು ಮಿಲಿಮೀಟರ್? ಈ ಕೊನೆಯದು ಇತ್ತೀಚೆಗೆ ಜಾಸ್ತಿಯಾಗಿದೆ. ಪಕ್ಕದ ಬಿಲ್ಡಿಂಗಿನವರಿಗೆ 2.2 ಅಂತೆ, ನನಗೆ ಮಾತ್ರ 2.8 ಯಾಕೆ ಎಂದು ಮುಂಬಯಿ ಹತ್ತಿರದ ಡೊಂಬಿವಿಲಿಯಲ್ಲಿ ತಕರಾರು ತೆಗೆದವರೂ ಇದ್ದಾರೆ. ಕಟ್ ಎಲ್ಲಿ ಮಾಡ್ತೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಆಪರೇಷನ್ ಆದ ಮೇಲೂ ಕನ್ನಡಕದ ಸಿಲಿಂಡರ್ ನಂಬರ್ ಉಳಿಯಿತಲ್ಲ ಎಂದು ಬೇಸರದಿಂದ ಬರುವ ಎಷ್ಟೋ ಜನರಿಗೆ ನಾನು ಕೊನೆಗೆ ವಿವರಿಸಬೇಕಾಗುವುದು ಅದನ್ನೇ.

ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಬಾಗಿರುವುದು ಅಪರೂಪ. ಒಂದು ದಿಕ್ಕಿನಲ್ಲಿ ಬಾಗು ಹೆಚ್ಚು, ಅದಕ್ಕೆ ಅಡ್ಡಲಾಗಿ ಕಡಿಮೆ. ಆ ವ್ಯತ್ಯಾಸವೇ ಅಸ್ಟಿಗ್ಮ್ಯಾಟಿಸಂ. ಅದನ್ನು ಸರಿಪಡಿಸಲು ಕನ್ನಡಕದಲ್ಲಿ ಹಾಕುವುದೇ ಸಿಲಿಂಡರ್ ನಂಬರ್. ಮಳೆಗಾಲಕ್ಕೆ ಮುಂಚೆ ನಮ್ಮ ಬಿಲ್ಡಿಂಗ್‌ಗಳ ಮೇಲೆ ನೀಲಿ ತಾಡಪತ್ರಿ ಕಟ್ಟುತ್ತಾರಲ್ಲ, ಯಾವ ಬದಿಯ ಹಗ್ಗ ಸಡಿಲಿಸಿದರೆ ಆ ದಿಕ್ಕಿನ ಬಿಗಿಯೇ ಹೋಗುತ್ತದೆ. ಕಾರ್ನಿಯಾದ ಅಂಚಿನಲ್ಲಿ ಕೊಯ್ದಾಗ ಆಗುವುದೂ ಅಷ್ಟೇ: ಕೊಯ್ದ ದಿಕ್ಕು ಚಪ್ಪಟೆಯಾಗುತ್ತದೆ, ಅದಕ್ಕೆ ಅಡ್ಡಲಾದ ದಿಕ್ಕು ಸ್ವಲ್ಪ ಉಬ್ಬುತ್ತದೆ. ಹಾಗಾಗಿ ಬಾಗು ಹೆಚ್ಚಿರುವ ದಿಕ್ಕಿನಲ್ಲೇ ಕೊಯ್ದರೆ ಸಿಲಿಂಡರ್ ಇಳಿಯುತ್ತದೆ. ಅಡ್ಡ ದಿಕ್ಕಿನಲ್ಲಿ ಕೊಯ್ದರೆ ಇದ್ದದ್ದು ಏರುತ್ತದೆ.

ಒಂದು ಕಣ್ಣಿನ ಕೆರಾಟೊಮೆಟ್ರಿ (ಕಾರ್ನಿಯಾದ ಬಾಗಿನ ಅಳತೆ) ಚೀಟಿ ಹೀಗಿದೆ ಅನ್ನಿ: 90 ಡಿಗ್ರಿಯಲ್ಲಿ, ಅಂದರೆ ಮೇಲಿಂದ ಕೆಳಕ್ಕೆ, 43.00. 180ರಲ್ಲಿ, ಅಂದರೆ ಅಡ್ಡಲಾಗಿ, 44.25. ವ್ಯತ್ಯಾಸ 1.25 ಡಯಾಪ್ಟರ್ (ಕನ್ನಡಕದ ನಂಬರನ್ನೂ ಇದರಲ್ಲೇ ಅಳೆಯುವುದು), ಬಾಗು ಹೆಚ್ಚಿರುವುದು ಅಡ್ಡಲಾಗಿ. ಈ ಕಣ್ಣಿಗೆ ಕಿವಿಯ ಬದಿಯಲ್ಲಿ, ಅಂದರೆ ಅಡ್ಡ ದಿಕ್ಕಿನ ತುದಿಯಲ್ಲಿ, 2.8 ಮಿಲಿಮೀಟರ್ ಕಟ್ ಮಾಡಿದರೆ ವ್ಯತ್ಯಾಸ 1ರ ಆಸುಪಾಸಿಗೆ ಇಳಿಯಬಹುದು. ಅದೇ ಕಟ್ಟನ್ನು ಮೇಲ್ಗಡೆ, ರೆಪ್ಪೆಯ ಕೆಳಗೆ ಮಾಡಿದರೆ 1.6, 1.7ಕ್ಕೆ ಏರಬಹುದು. ಮೇಲ್ಗಡೆಯೇ 6 ಮಿಲಿಮೀಟರ್‌ನ ಎಸ್‌ಐಸಿಎಸ್ (ದೊಡ್ಡ ಕಟ್ಟಿನಿಂದ ಪೊರೆಯನ್ನು ಇಡಿಯಾಗಿ ಹೊರತೆಗೆಯುವ ವಿಧಾನ) ಮಾಡಿದರೆ 2 ದಾಟುವುದೂ ಉಂಟು. ಪ್ರತಿ ಕಣ್ಣು ಗಾಯ ಮಾಯಿಸಿಕೊಳ್ಳುವ ರೀತಿ ಬೇರೆ, ಸರ್ಜನ್‌ನಿಂದ ಸರ್ಜನ್‌ಗೂ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಈ ಅಂಕಿಗಳನ್ನು ಅಂದಾಜು ಎಂದೇ ಓದಿ. ಆದರೆ ಇಂಥ ಕಣ್ಣಿಗೆ ಮೇಲ್ಗಡೆಯ 2.2ಕ್ಕಿಂತ ಬದಿಯ 2.8 ಒಳ್ಳೆಯದು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಮಿಲಿಮೀಟರ್ ಹಿಡಿದು ಜಗಳಾಡುವವರಿಗೆ ಇದನ್ನೇ ಎಷ್ಟು ಸಲ ಹೇಳಿದರೂ ಸಾಕಾಗುತ್ತಿಲ್ಲ.

ವಯಸ್ಸಿನ ಮಾತೂ ಇದೆ. ಚಿಕ್ಕವರಲ್ಲಿ ಕಾರ್ನಿಯಾ ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಹೆಚ್ಚು ಬಾಗಿರುತ್ತದೆ, ವಯಸ್ಸಾದಂತೆ ಅದು ಅಡ್ಡಕ್ಕೆ ತಿರುಗುತ್ತದೆ. ಮೋತಿಬಿಂದು ಬರುವುದೂ ಆ ವಯಸ್ಸಿಗೇ. ಮೇಲಾಗಿ ಕಾರ್ನಿಯಾದ ಅಗಲ ಸುಮಾರು 12 ಮಿಲಿಮೀಟರ್, ಎತ್ತರ 11ರ ಹತ್ತಿರ. ಬದಿಯ ಕಟ್ ನಡುವಿನಿಂದ ಅಷ್ಟು ದೂರ ಉಳಿಯುವುದರಿಂದ ಆಕಾರವನ್ನು ಕಡಿಮೆ ಕೆಡಿಸುತ್ತದೆ. ಹುಬ್ಬಿನ ಮೂಳೆ ಮುಂದೆ ಬಂದು ಕಣ್ಣು ಒಳಗಿದ್ದವರಲ್ಲಿ ಕೈಯಾಡಿಸುವುದಕ್ಕೂ ಅದೇ ಸಲೀಸು.

ಮಾಟುಂಗಾದ ಓರಗಿತ್ತಿಯರಿಬ್ಬರ ಕಥೆ ಹೇಳಬೇಕು. ಹಿರಿಯವರಿಗೆ ಬಾಗು ಲಂಬವಾಗಿ ಹೆಚ್ಚಿತ್ತು, ಮೇಲ್ಗಡೆ ಕೊಯ್ದೆ, ದೂರದ ಕನ್ನಡಕ ತಪ್ಪಿತು. ಕಿರಿಯವರು ಬಂದವರೇ, "ಅಕ್ಕನಿಗೆ ಮಾಡಿದ ಹಾಗೇ ನನಗೂ ಮಾಡಿ ಡಾಕ್ಟ್ರೇ, ಒಂದೇ ಮನೆಯಲ್ಲಿ ಎರಡು ಥರ ಬೇಡ" ಅಂದರು. ಅವರ ಬಾಗು ಅಡ್ಡಕ್ಕಿತ್ತು. ಕಾಗದದ ಮೇಲೆ ಎರಡು ಕಣ್ಣು ಬರೆದು ತೋರಿಸಿದ ಮೇಲೆ ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ. ಟೇಬಲ್ ಮೇಲೆ ಮಲಗಿ, ಮುಖಕ್ಕೆ ಹಸಿರು ಬಟ್ಟೆ ಹೊದಿಸಿದ ಮೇಲೆ ಗಾಬರಿಯ ದನಿ: "ಡಾಕ್ಟ್ರು ತಲೆ ಹತ್ತಿರ ಇರಬೇಕಲ್ವಾ, ಕಿವಿ ಹತ್ತಿರ ಯಾಕೆ ಮಾತಾಡ್ತಿದ್ದಾರೆ?" ಬದಿಯಲ್ಲಿ ಕೊಯ್ಯುವಾಗ ನಾವು ಕೂರುವುದೇ ಅಲ್ಲಿ. ಅಂದಿನಿಂದ ಸ್ಟೂಲ್ ಎಲ್ಲಿರುತ್ತದೆ ಎಂದು ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ.

ಇನ್ನೊಬ್ಬರು ಹೋಟೆಲಿನ ಗಲ್ಲೆಯಲ್ಲಿ ಜೀವನ ಸವೆಸಿದ ಹಿರಿಯರು. ಊರಲ್ಲಿ ಒಂದು ಕಣ್ಣಿಗೆ ಎಸ್‌ಐಸಿಎಸ್ ಆಗಿತ್ತು. ಸ್ಟೇಷನ್ ಇಂಡಿಕೇಟರ್‌ನಲ್ಲಿ ಫಾಸ್ಟ್ ಲೋಕಲ್‌ನ 'ಎಫ್' ಜೊತೆಗೆ ಅದರ ನೆರಳೂ ಕಾಣುತ್ತದೆ, ಲೆನ್ಸ್ ಕಳಪೆ ಹಾಕಿದ್ದಾರೆ ಎಂಬುದು ಅವರ ದೂರು. ಲೆನ್ಸ್ ಸರಿಯಾಗಿಯೇ ಕೂತಿತ್ತು. ಪೊರೆ ಕಲ್ಲಿನಂತೆ ಬಲಿತಿದ್ದಾಗ ಎಸ್‌ಐಸಿಎಸ್ ಆರಿಸಿದ್ದೂ ತಪ್ಪಲ್ಲ. ಉಳಿದದ್ದು ಸಿಲಿಂಡರ್, ಕನ್ನಡಕ ಕೊಟ್ಟ ಮೇಲೆ ನೆರಳು ಹೋಯಿತು.

ಹಳೇ ಕನ್ನಡಕದ ಸಿಲಿಂಡರ್ ತೋರಿಸಿ "ಇದನ್ನು ಕಟ್ಟಿನಲ್ಲೇ ತೆಗೆದುಬಿಡಿ" ಅನ್ನುವವರಿಗೆ ಎರಡು ಮಾತು. ಆ ನಂಬರಿನಲ್ಲಿ ನಿಮ್ಮ ಸ್ವಂತ, ಪೊರೆ ಬಂದಿರುವ ಲೆನ್ಸಿನ ಪಾಲೂ ಸೇರಿದೆ. ಲೆನ್ಸ್ ತೆಗೆದಾಗ ಅದೂ ಹೋಗುತ್ತದೆ. ನಾನು ನೋಡುವುದು ಕಾರ್ನಿಯಾದ ಅಳತೆ. ಎರಡನೆಯದು, ಸಣ್ಣ ಕಟ್ಟಿನಿಂದ ತೆಗೆಯಬಹುದಾದದ್ದು ಅರ್ಧ ಡಯಾಪ್ಟರ್‌ನೊಳಗೆ. ಕಾರ್ನಿಯಾದಲ್ಲೇ 1 ದಾಟಿದ್ದರೆ ಟೋರಿಕ್ ಲೆನ್ಸ್ (ಸಿಲಿಂಡರ್ ಸೇರಿಸಿಯೇ ಮಾಡಿದ, ಕಣ್ಣೊಳಗೆ ಕೂರಿಸುವ ಲೆನ್ಸ್) ಬಗ್ಗೆ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಅದನ್ನೂ ಸರಿಯಾದ ಕೋನದಲ್ಲೇ ಕೂರಿಸಬೇಕು: 10 ಡಿಗ್ರಿ ತಿರುಗಿದರೆ ಮೂರನೇ ಒಂದು ಪಾಲು ಫಲ ಹೋಯಿತು, 30 ತಿರುಗಿದರೆ ಪೂರ್ತಿ. ಮಲಗಿದಾಗ ಕಣ್ಣು ಸ್ವಲ್ಪ ಸುತ್ತುತ್ತದೆ, ಅದಕ್ಕೇ ಕೋನದ ಗುರುತನ್ನು ಮೊದಲೇ ನಿಮ್ಮನ್ನು ಎದ್ದು ಕೂರಿಸಿಯೇ ಹಾಕುವುದು.

ಅಳತೆಯ ದಿನ ಬರುವಾಗ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಬರಬೇಡಿ. ಎಷ್ಟು ದಿನ ಮುಂಚೆ ಬಿಡಬೇಕು ಎಂದು ಫೋನ್ ಮಾಡಿ ಕೇಳಿ. ಕೆರಾಟೊಮೆಟ್ರಿ ಆಗುವ ತನಕ ಡ್ರಾಪ್ಸ್ ಹಾಕಿಸಿಕೊಳ್ಳಬೇಡಿ, ಕಣ್ಣು ಒಣಗಿದ್ದರೆ ಮೊದಲೇ ಹೇಳಿ. ಒಂದು ಕಣ್ಣು ಬೇರೆ ಕಡೆ ಆಗಿದ್ದರೆ ಅದರ ಡಿಸ್ಚಾರ್ಜ್ ಕಾರ್ಡ್, ಲೆನ್ಸಿನ ಸ್ಟಿಕ್ಕರ್, ಆಗಿನ ಕೆರಾಟೊಮೆಟ್ರಿ ಚೀಟಿ ಮೂರೂ ತನ್ನಿ. ಆ ಕಟ್ ನಿಮ್ಮ ಕಾರ್ನಿಯಾವನ್ನು ಎಷ್ಟು ಬದಲಿಸಿತು ಎಂದು ನೋಡಿಕೊಂಡು ಎರಡನೆಯದನ್ನು ಯೋಚಿಸಲು ಅನುಕೂಲ.