ಕೈ ಎತ್ತುವಾಗ ಅರ್ಧ ದಾರಿಯಲ್ಲಿ ಮಾತ್ರ ಭುಜ ನೋಯುವುದೇಕೆ?

ಪ್ರಶ್ನೆ: ಕೈಯನ್ನು ಪಕ್ಕದಿಂದ ಮೇಲಕ್ಕೆ ಎತ್ತುವಾಗ ಅರ್ಧದಲ್ಲಿ ಭುಜ ಚುಳ್ ಎನ್ನುತ್ತದೆ. ಹಲ್ಲು ಕಚ್ಚಿಕೊಂಡು ಎತ್ತಿಬಿಟ್ಟರೆ ಮೇಲೆ ನೋವೇ ಇಲ್ಲ. ಇಳಿಸುವಾಗ ಮತ್ತೆ ಅದೇ ಜಾಗದಲ್ಲಿ ನೋವು. ಕೀಲು ಸವೆದಿದೆಯಾ?

ಉತ್ತರ: ಹೀಗೆ ನೋಯುವಾಗ ಹೆಚ್ಚಾಗಿ ಕೀಲು ಸವೆದಿರುವುದಿಲ್ಲ, ಕೀಲಿನ ಮೇಲೆ ಹಾದುಹೋಗುವ ಒಂದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಅಂಟಿಸುವ ಗಟ್ಟಿ ಹುರಿ, ಮುನಿಸಿಕೊಂಡಿರುತ್ತದೆ. ನೀವು ಹೇಳಿದ ಆ ‘ಅರ್ಧದಲ್ಲಿ’ ಅನ್ನೋ ಮಾತೇ ಒಳ್ಳೆಯ ಸುಳಿವು. ಕೈ ಜೋತುಬಿದ್ದಾಗ 0 ಡಿಗ್ರಿ, ಕಿವಿಯ ಪಕ್ಕ ನೆಟ್ಟಗೆ ನಿಂತಾಗ 180 ಅಂತ ಇಟ್ಟುಕೊಳ್ಳಿ. ಸುಮಾರು 60ರಿಂದ 120ರ ನಡುವೆ ಬರುವ ಈ ನೋವಿಗೆ ವೈದ್ಯರು ‘ಪೇನ್‌ಫುಲ್ ಆರ್ಕ್’ ಎನ್ನುತ್ತಾರೆ.

ಭುಜದಲ್ಲಿ ರಟ್ಟೆ ಮೂಳೆಯ ಗುಂಡು ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಸೊಂಟದ ಕೀಲಿನಲ್ಲಿ ಗುಂಡು ಗುಳಿಯೊಳಗೆ ಹುದುಗಿ ಕೂತಿರುತ್ತದೆ, ಇಲ್ಲಿ ಬರೀ ಆನಿಕೊಂಡಿರುತ್ತದೆ ಅಷ್ಟೇ. ಅದಕ್ಕೇ ಕೈ ಇಷ್ಟೊಂದು ದಿಕ್ಕಿಗೆ ತಿರುಗುತ್ತದೆ, ಅದಕ್ಕೇ ದೇಹದಲ್ಲಿ ಜಾಸ್ತಿ ಜಾರುವ ದೊಡ್ಡ ಕೀಲೂ ಇದೇ. ಗುಂಡನ್ನು ಗುಳಿಗೆ ಒತ್ತಿ ಹಿಡಿಯುವ ಕೆಲಸ ನಾಲ್ಕು ಪುಟ್ಟ ಸ್ನಾಯುಗಳದ್ದು. ಇವು ಹೊರಗೆ ಕಾಣುವುದಿಲ್ಲ. ಬೆನ್ನಿನ ಮೇಲಿರುವ ಹಲಗೆಯಂಥ ಹೆಗಲ ಮೂಳೆಯಿಂದ ಹೊರಟು, ಗುಂಡಿನ ಸುತ್ತ ಪಟ್ಟಿಯ ಹಾಗೆ ಅಂಟಿಕೊಳ್ಳುತ್ತವೆ. ಇದೇ ರೊಟೇಟರ್ ಕಫ್.

ನಾಲ್ಕರಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ಪಾಪ, ಇದಕ್ಕೆ ಜಾಗವೇ ಕಡಿಮೆ. ಕೆಳಗೆ ರಟ್ಟೆ ಮೂಳೆಯ ಗುಂಡು, ಮೇಲೆ ಅಕ್ರೋಮಿಯನ್ ಅನ್ನುವ ಮೂಳೆಯ ಸೂರು. ಹೆಗಲ ತುದಿಯನ್ನು ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿ ಸಿಗುವುದು ಆ ಸೂರೇ. ಇವೆರಡರ ನಡುವಿನ ಸಂದಿಯಲ್ಲಿ ಈ ಸ್ನಾಯುವಿನ ಟೆಂಡನ್ ಮತ್ತು ಬರ್ಸಾ ಎಂಬ ತೆಳ್ಳನೆಯ ಚೀಲ ಇರುತ್ತವೆ. ಕೈ ಮಧ್ಯಕ್ಕೆ ಬಂದಾಗ ಸಂದಿ ಕಿರಿದಾಗುತ್ತದೆ, ಜೊತೆಗೆ ಕೈಯ ಭಾರವೂ ಅಲ್ಲೇ ಜಾಸ್ತಿ ಎಳೆಯುತ್ತದೆ. ಊದಿಕೊಂಡ ಅಥವಾ ಒಳಗೇ ಸವೆದ ಟೆಂಡನ್ ಆಗ ನೋಯುತ್ತದೆ. ಆ ಹಂತ ದಾಟಿದ ಮೇಲೆ ನೋಯುವ ಭಾಗ ಸೂರಿನ ಕೆಳಗಿಂದ ಆಚೆ ಸರಿದಿರುತ್ತದೆ, ನೋವು ಹೋಗುತ್ತದೆ.

ಇದನ್ನು ನೀವೇ ನೋಡಬಹುದು. ಭುಜ ಚೆನ್ನಾಗಿರುವ ಕಡೆಯ ಕೈಯ ಹೆಬ್ಬೆರಳನ್ನು ನೆಲದ ಕಡೆ ತಿರುಗಿಸಿ ಪಕ್ಕಕ್ಕೆ ಎತ್ತಿ. ಭುಜದ ಎತ್ತರಕ್ಕೆ ಬರುವಷ್ಟರಲ್ಲಿ ತಡೆ ಸಿಗುತ್ತದೆ. ಈಗ ಅಂಗೈ ಮೇಲೆ ಮಾಡಿ, ಸಲೀಸಾಗಿ ಹೋಗುತ್ತದೆ ಅಲ್ವಾ? ರಟ್ಟೆ ಮೂಳೆ ಹೊರಕ್ಕೆ ತಿರುಗಿದಾಗ ಅದರ ಉಬ್ಬು ಸೂರಿಗೆ ತಾಗದೆ ಹಿಂದಕ್ಕೆ ಸರಿಯುತ್ತದೆ.

ಇನ್ನೊಂದು ವಿಷಯ, ನನಗೆ ತುಂಬಾ ಇಷ್ಟವಾದದ್ದು. ಕೈ ಎತ್ತುವುದು ಒಂದೇ ಕೀಲಿನ ಕೆಲಸ ಅಲ್ಲ. ಮನೆಯಲ್ಲಿ ಯಾರಾದರೂ ಕೈ ಎತ್ತುವಾಗ ಅವರ ಹೆಗಲ ಮೂಳೆಯ ಕೆಳತುದಿಗೆ ಬೆರಳಿಟ್ಟು ನೋಡಿ. ಅದು ಪಕ್ಕೆಲುಬಿನ ಮೇಲೆ ಜಾರಿ ಕಂಕುಳ ಕಡೆಗೆ ತಿರುಗುವುದು ಬೆರಳಿಗೇ ಗೊತ್ತಾಗುತ್ತದೆ. 180 ಡಿಗ್ರಿಯಲ್ಲಿ ಸುಮಾರು 120 ಗುಂಡು-ಗುಳಿಯದ್ದು, ಉಳಿದ 60 ಈ ಹೆಗಲ ಮೂಳೆಯದ್ದು. ಮೂಳೆ ತಿರುಗಿದಂತೆ ಸೂರೂ ಮೇಲಕ್ಕೆ ಏಳುತ್ತದೆ. ಅದನ್ನು ತಿರುಗಿಸುವ ಸ್ನಾಯುಗಳು ಸೋತರೆ ಸೂರು ಬೇಕಾದಷ್ಟು ಏಳುವುದಿಲ್ಲ, ಭುಜ ನೋವಿಗೆ ಬೆನ್ನಿನ ವ್ಯಾಯಾಮ ಹೇಳಿಕೊಡುವುದು ಇದಕ್ಕೇ.

ಈ ನೋವು ಹೆಚ್ಚಾಗಿ ರಟ್ಟೆಯ ಹೊರಗಡೆ ಕಾಣಿಸುತ್ತದೆ, ಹಾಗಾಗಿ ಜನ ಅಲ್ಲೇ ಉಜ್ಜುತ್ತಾರೆ, ತೊಂದರೆ ಇರುವುದು ಮೇಲೆ. ಆ ಕಡೆ ಮಗ್ಗುಲಾಗಿ ಮಲಗಿದರೆ ಜಾಸ್ತಿ ನೋಯುತ್ತದೆ. ನೋವು ಮಧ್ಯದಲ್ಲಿ ಬರದೆ ಕೊನೆಗೆ, ಕೈ ಪೂರ್ತಿ ಮೇಲೆ ಹೋದಾಗ, ಹೆಗಲ ತುದಿಯಲ್ಲೇ ಬಂದರೆ ಕಾಲರ್ ಬೋನ್ ಸೇರುವ ಕೀಲಿನ ಕಡೆ ಗಮನ ಕೊಡಬೇಕು.

ಸುಮ್ನೆ ಕೈಯನ್ನು ಕಟ್ಟಿ ಇಟ್ಟುಕೊಳ್ಳಬೇಡಿ, ಭುಜ ಬಿಗಿದುಕೊಳ್ಳುತ್ತದೆ. ನೋವು ಬರಿಸುವ ಕೆಲಸ ಕಡಿಮೆ ಮಾಡಿ, ಕೈಯನ್ನು ಆಡಿಸುತ್ತಿರಿ, ಕೆಲವು ವಾರಗಳಲ್ಲಿ ಇಳಿಯದಿದ್ದರೆ ಫಿಸಿಯೋಥೆರಪಿಸ್ಟ್ ಅಥವಾ ಮೂಳೆ ವೈದ್ಯರಿಗೆ ತೋರಿಸಿ. ಅವರು ಮಾಡುವ ಒಂದು ಪರೀಕ್ಷೆ ಸರಳ. ಬೇರೆಯವರು ಎತ್ತಿದರೆ ಕೈ ಮೇಲೆ ಹೋಗುತ್ತದೆ, ನಿಮ್ಮಿಂದ ಆಗುವುದಿಲ್ಲ ಅಂದರೆ ಟೆಂಡನ್ ಹರಿದಿರಬಹುದು. ಯಾರು ಎತ್ತಿದರೂ ಹೋಗದಿದ್ದರೆ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆ, ಇರಬಹುದು, ಇದು ಸಕ್ಕರೆ ಕಾಯಿಲೆ ಇದ್ದವರಲ್ಲಿ ಜಾಸ್ತಿ. ಬಿದ್ದ ಮೇಲೆ ಕೈ ಎತ್ತಲು ಆಗದಿದ್ದರೆ ಕಾಯಬೇಡಿ. ಕೈ ಆಡಿಸಿದರೂ ಆಡಿಸದಿದ್ದರೂ ಒಂದೇ ಸಮನೆ ಇರುವ ನೋವು, ಜೊತೆಗೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಅದು ಹೃದಯದ್ದಾಗಿರಬಹುದು. ಆಗ ತಕ್ಷಣ ಆಸ್ಪತ್ರೆಗೆ ಹೋಗಿ.